ಕಂಬಕ್ಕೆ ಕಟ್ಟಿದ ಅಂಗಿ

ತಿಕೋಟಾ ದಾಟಿ ದ್ರಾಕ್ಷಿ ಪಡಗಳ ನಡುವಿನ ಮಣ್ಣುದಾರಿ ಹಿಡಿದರೆ ಪ್ರತಾಪನ ತೋಟದ ಮನೆ ಸಿಗುತ್ತದೆ. ಮನೆಯ ಮುಂದೆ ತಗಡು ಹೊದಿಸಿದ ಪಡಸಾಲೆ. ಅದರ ಬಲಕ್ಕೆ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡು, ಎಡಕ್ಕೆ ಒಂದು ಕಾಲುದಾರಿ. ಆ ಕಾಲುದಾರಿ ನೇರವಾಗಿ ಹೊಂಡಕ್ಕೆ ಹೋಗುತ್ತದೆ. ಬೇರೆಲ್ಲಿಗೂ ಹೋಗುವುದಿಲ್ಲ.

ಬೇಸಿಗೆಯಲ್ಲಿ ಬಳ್ಳಿಗೆ ನೀರು ಬೇಕೆಂದು ಪ್ರತಾಪ ತೋಡಿಸಿದ ಹೊಂಡ ಅದು. ನೀರು ಇಂಗಬಾರದೆಂದು ತಳದಿಂದ ದಂಡೆಯವರೆಗೆ ಕರಿ ಪ್ಲಾಸ್ಟಿಕ್ ಹಾಸಿದ್ದಾರೆ. ಒದ್ದೆಯಾದ ಆ ಪ್ಲಾಸ್ಟಿಕ್ಕಿನ ಮೇಲೆ ಹಲ್ಲಿಯೂ ನಿಲ್ಲಲಾರದು. ಕಳೆದ ದೀಪಾವಳಿಯ ಮುಂದೆ ಕುರಿ ಕಾಯುವ ಗೊಲ್ಲಾಳಪ್ಪನ ಹಿಂಡಿನ ಒಂದು ಆಡಿನ ಮರಿ ನೀರಿಗೆ ಬಾಗಿ ಜಾರಿತು. ಪ್ರತಾಪನ ತಾಯಿ ಮುರಿಗೆವ್ವ ದಂಡೆಯ ಮೇಲೆ ನಿಂತು ಎಲ್ಲವನ್ನೂ ಕಂಡಳು. ಮರಿ ಕೂಡಲೇ ಮುಳುಗಲಿಲ್ಲ. ಈಜಿ ದಂಡೆಗೆ ಬಂತು, ಮುಂಗಾಲು ಊರಿತು, ಜಾರಿತು. ಮತ್ತೆ ಬಂತು, ಮತ್ತೆ ಜಾರಿತು. ಮೊದಮೊದಲು ಒದರಿತು, ಆಮೇಲೆ ಒದರುವುದನ್ನೂ ಬಿಟ್ಟಿತು. ಗೊಲ್ಲಾಳಪ್ಪ ಹಗ್ಗ ತರುವಷ್ಟರಲ್ಲಿ ನೀರು ಸುಮ್ಮನಾಗಿತ್ತು.

"ಬಾವಿಗಾದ್ರ ಮೆಟ್ಟಲಾ ಇರ್ತಾವ್ರಿ ಯವ್ವಾ. ಇದಕ್ಕ ಒಳಗ ಹೋಗೂ ದಾರಿ ಐತಿ, ಹೊಳ್ಳಿ ಬರೂ ದಾರಿ ಇಲ್ಲ," ಎಂದು ಆತ ಮರಿಯನ್ನು ಹೆಗಲಿಗೆ ಹಾಕಿಕೊಂಡು ನಡೆದ.

ಹೊಂಡದ ಸುತ್ತ ಬೇಲಿ ಇರಲಿಲ್ಲ. ಮುರಿಗೆವ್ವ ಕೇಳಿದಾಗೆಲ್ಲ ಪ್ರತಾಪ, "ಈ ಹಂಗಾಮ ಒಂದ ಮುಗೀಲಿ ತಡಿಬೇ," ಎನ್ನುತ್ತಿದ್ದ. ಒಂದು ಟಾಯರಿನ ಟ್ಯೂಬಿಗೆ ಹಗ್ಗ ಕಟ್ಟಿ ದಂಡೆಯ ಗೂಟಕ್ಕೆ ಬಿಗಿದಿದ್ದ, ಅಷ್ಟೆ. ಮನೆಯಲ್ಲಿ ಎರಡೂವರೆ ವರ್ಷದ ಕೂಸಿತ್ತು. ಮುತ್ತಜ್ಜಿಯ ಹೆಸರು ಇಟ್ಟಿದ್ದರು, ಅಕ್ಕನಾಗಮ್ಮ. ಕರೆಯುವುದು ಅಕ್ಕವ್ವ ಎಂದು. ಅಕ್ಕವ್ವನ ತಾಯಿ ಸೌಭಾಗ್ಯ ಬೆಳಗಿನ ಬಸ್ಸಿಗೆ ವಿಜಯಪುರಕ್ಕೆ ಹೋಗುತ್ತಿದ್ದಳು. ಅಲ್ಲಿ ಸಣ್ಣ ಮಕ್ಕಳ ಒಂದು ಮಾಂಟೆಸರಿ ಸಾಲೆಯಲ್ಲಿ ಆಕೆ ಟೀಚರು. ಆಕೆ ಬಸ್ಸು ಹತ್ತಿದಾಗಿನಿಂದ ಮಧ್ಯಾಹ್ನ ಇಳಿಯುವವರೆಗೆ ಕೂಸು ಮುರಿಗೆವ್ವನ ಕೈಯಲ್ಲಿ.

ಮುರಿಗೆವ್ವನ ಕೈ ಸಾಮಾನ್ಯ ಕೈಯಲ್ಲ. ನಿಡೋಣಿಯಲ್ಲಿ ಗಂಡ ಬಸಗೊಂಡಪ್ಪನ ಸಂಗಡ ಹೊಲ ಮಾಡಿ, ಇಬ್ಬರು ಮಕ್ಕಳನ್ನು ಹೊಲದಲ್ಲಿಯೇ ಬೆಳೆಸಿದವಳು. ಆಕೆ ಕೌದಿ ಹೊಲಿದರೆ ಹೊಲಿಗೆ ದಾರ ಹಿಡಿದು ಎಳೆದಷ್ಟು ನೇರ ಇರುತ್ತಿತ್ತು. ಕಳೆ ತೆಗೆಯುವಾಗ ಮಕ್ಕಳ ನಡುವಿಗೆ ಹಳೆ ಸೀರೆಯ ಅಂಚಿನ ದಡಿ ಸುತ್ತಿ ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ಬಿಗಿಯುತ್ತಿದ್ದಳು. ಆಗ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಯಾರ ಮಗುವೂ ಬಾವಿಗೆ ಬೀಳಲಿಲ್ಲ. ಮರದ ನೆರಳು ತಿರುಗಿದಂತೆ ಮಗು ತಿರುಗುತ್ತಿತ್ತು, ಅತ್ತು ಅತ್ತು ಮಲಗುತ್ತಿತ್ತು. ಅದರಲ್ಲಿ ತಪ್ಪೇನಾದರೂ ಇದೆಯೆಂದು ಆಕೆಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಮಾಗಿಯ ಚಳಿ ಶುರುವಾದಾಗ ಸೌಭಾಗ್ಯ ದ್ರಾಕ್ಷಿ ತುಂಬುವ ಎರಡು ಕ್ರೇಟು ತೊಳೆದು ಒಣಗಿಸಿ, ಒಳಕೋಣೆಯಲ್ಲಿ ಅಡ್ಡ ಮಲಗಿಸಿ ಒಂದರ ಮೇಲೊಂದು ಇಟ್ಟಳು. ಕೆಳಗಿನದರಲ್ಲಿ ಕೂಸಿನ ಚಡ್ಡಿ, ಮೇಲಿನದರಲ್ಲಿ ಎರಡೇ ಅಂಗಿ. ಪಕ್ಕದಲ್ಲಿ ನೆಲಕ್ಕೆ ತಾಗುವಂತೆ ಒಂದು ಕನ್ನಡಿ, ಕೂರಲು ಒಂದು ಸಣ್ಣ ಚಾಪೆ.

"ಇದೇನಬೇ ಇದು, ಅಂಗಡಿ ಇಟ್ಟಿಯೇನು?" ಎಂದಳು ಮುರಿಗೆವ್ವ.

"ಅಕ್ಕವ್ವನ ಕಪಾಟ ಅತ್ತಿ. ಇನ್ನ ಮ್ಯಾಲೆ ತಾನ ತಗೋತಾಳ, ತಾನ ಹಾಕ್ಕೋತಾಳ."

"ಮೂಗ ಒರಸ್ಕೊಳ್ಳಾಕ ಬರದ ಕೂಸು ಅಂಗಿ ಹಾಕ್ಕೊಂತೈತಿ?"

"ಮೂಗ ಒರಸೂದು ಹ್ವಾದ ತಿಂಗಳನ ಕಲತಾಳ್ರಿ. ನೀವು ಒರಸೂದು ಬಿಟ್ಟಿಲ್ಲ, ಅದಕ ನಿಮಗ ಗೊತ್ತಾಗಿಲ್ಲ."

ಮುರಿಗೆವ್ವ ನಕ್ಕಳು. ಸೊಸೆಯ ಮಾತಿಗೆ ಮೊನೆ ಇರುತ್ತಿತ್ತು, ಆದರೆ ಚುಚ್ಚುತ್ತಿರಲಿಲ್ಲ.

ಸೌಭಾಗ್ಯ ತನ್ನ ಸಾಲೆಯ ಪದ್ಧತಿಯನ್ನು ಅತ್ತೆಗೆ ಒಂದೊಂದಾಗಿ ತೋರಿಸಿದಳು. ಮೊದಲು ಬಿಚ್ಚುವುದು, ಆಮೇಲೆ ಹಾಕಿಕೊಳ್ಳುವುದು. ಬಿಚ್ಚುವುದು ಸುಲಭ, ಅದರಿಂದ ಕೂಸಿಗೆ ಧೈರ್ಯ ಬರುತ್ತದೆ. ತೋರಿಸುವಾಗ ಬಾಯಿ ಮುಚ್ಚಿಕೊಂಡಿರಬೇಕು, ಏಕೆಂದರೆ ಮಾತಾಡಿದರೆ ಅದು ಬಾಯಿ ನೋಡುತ್ತದೆ, ಕೈ ನೋಡುವುದಿಲ್ಲ. ನಮ್ಮ ಕೈ ಎಷ್ಟು ನಿಧಾನ ನಡೆಯುತ್ತದೋ ಅದಕ್ಕಿಂತಲೂ ನಿಧಾನವಾಗಿ ತೋರಿಸಬೇಕು. ಚಡ್ಡಿಯನ್ನು ಕೂತು ಹಾಕಿಕೊಳ್ಳಬೇಕು, ನಿಂತಲ್ಲ. ಅಂಗಿಯ ಬೆನ್ನು ಯಾವುದು ಎಂದು ತಿಳಿಯಲು ಕೊರಳಪಟ್ಟಿಯ ಹಿಂದೆ ಒಂದು ಕೆಂಪು ದಾರದ ಗಂಟು. ಎಲ್ಲಕ್ಕಿಂತ ಕಠಿಣವಾದದ್ದು, ಕೂಸು ತಿಣುಕಾಡುವಾಗ ಕೈ ಹಾಕದೆ ಕೂರುವುದು.

"ಅದು ಸಹಾಯ ಬೇಕಂತ ಕೇಳಿದ್ರ?"

"ಎಲ್ಲಿ ಸಿಕ್ಕೊಂಡೈತೋ ಅಷ್ಟ ಬಿಡಸ್ರಿ. ಉಳಿದದ್ದು ಅಕಿಗೇ ಬಿಡ್ರಿ."

ಮುರಿಗೆವ್ವನಿಗೆ ಈ ಕೆಲಸ ಹಿಡಿಸಿತು. ಹಟ ಹಿಡಿದು ನಿಧಾನ ಮಾಡುವುದು ಆಕೆಗೆ ಹೊಸದಲ್ಲ. ಕಟ್ಟಿಗೆಯ ಚೌಕಟ್ಟಿಗೆ ಎರಡು ಹರಕು ಬಟ್ಟೆ ಬಿಗಿದು, ನಡುವೆ ದೊಡ್ಡ ಗುಂಡಿ ಮತ್ತು ಕಾಜ ಹೊಲಿದು ಕೊಟ್ಟಳು. ಕಾಜದ ಅಂಚಿಗೆ ದಾರವನ್ನು ಒತ್ತೊತ್ತಾಗಿ ಹಾಕಿದಳು, ಹರಿಯಬಾರದು ಎಂದು. ಎರಡನೆಯದಕ್ಕೆ ಟಿಚ್ ಬಟನ್, ಮೂರನೆಯದಕ್ಕೆ ಚೈನು. ಅಕ್ಕವ್ವ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ನಾಲಿಗೆಯನ್ನು ತುಟಿಯ ಮೂಲೆಗೆ ಚಾಚಿ, ಗುಂಡಿಯನ್ನು ಅರ್ಧ ತೂರಿಸಿ, ಆಚೆಯಿಂದ ಎಳೆಯುತ್ತಿದ್ದಳು. ಆಗ ಮನೆಗೆ ಬೆಂಕಿ ಬಿದ್ದರೂ ಅವಳು ತಲೆ ಎತ್ತುತ್ತಿರಲಿಲ್ಲ. ಕರೆದರೆ ಓಗೊಡುತ್ತಿರಲಿಲ್ಲ.

ಸ್ವೆಟರ್ ಹಾಕಿಕೊಳ್ಳುವುದನ್ನು ಕಲಿತದ್ದೇ ಒಂದು ಚೆಂದ. ಸ್ವೆಟರನ್ನು ನೆಲದ ಮೇಲೆ ತೆರೆದು ಹರವಿ, ಕೊರಳ ಕಡೆಗೆ ನಿಂತು, ಬಾಗಿ, ಎರಡೂ ತೋಳಿಗೆ ಕೈ ತೂರಿಸಿ, ಒಮ್ಮೆಲೇ ತಲೆಯ ಮೇಲಿಂದ ಹಿಂದಕ್ಕೆ ಹಾರಿಸಬೇಕು. ಮೊದಲ ಸಲ ಹಾಗೆ ಹಾರಿಸಿಕೊಂಡು ಅದು ಬೆನ್ನಿಗೆ ಕೂತಾಗ ಅಕ್ಕವ್ವ ಅಜ್ಜಿಯತ್ತ ತಿರುಗಿ, "ಆಯಿ, ನಾ ಹಾಕ್ಕೊಂಡೆ," ಎಂದಳು. ಹುಟ್ಟಿದಾಗಿನಿಂದ ಆ ಕೂಸು ಅಷ್ಟು ಗಂಭೀರವಾಗಿ ಏನನ್ನೂ ಹೇಳಿರಲಿಲ್ಲ.

ಅದೇ ವಾರ ಒಂದು ಬೆಳಿಗ್ಗೆ ಮುರಿಗೆವ್ವ ರೊಟ್ಟಿ ಬಡಿಯುತ್ತಿದ್ದಳು. ಒಳಕೋಣೆ ಬಹಳ ಸುಮ್ಮನಿತ್ತು. ಅಂಗಿ ಹಾಕಿಕೊಳ್ಳುತ್ತಿರಬೇಕು ಎಂದುಕೊಂಡು ಆಕೆ ಇನ್ನೊಂದು ರೊಟ್ಟಿ ಹೆಂಚಿಗೆ ಹಾಕಿದಳು. ಆಮೇಲೆ ಏಕೋ ಎದ್ದು ನೋಡಿದಳು. ಚಾಪೆ ಖಾಲಿ. ಹೊಸ್ತಿಲ ಬಳಿ ಚಪ್ಪಲಿ ಇರಲಿಲ್ಲ.

ಅಕ್ಕವ್ವ ಕಾಲುದಾರಿಯ ನಡುವೆ ನಿಂತಿದ್ದಳು. ಚಡ್ಡಿ, ಅಂಗಿ, ಸ್ವೆಟರು, ಎಲ್ಲ ಸರಿ. ಚಪ್ಪಲಿಯನ್ನು ಕೂಡ ಸರಿಯಾದ ಕಾಲಿಗೆ ಹಾಕಿಕೊಂಡಿದ್ದಳು. ಊರಿಗೆ ಹೊರಟ ದೊಡ್ಡ ಹೆಂಗಸಿನಂತೆ ಹೊಂಡದ ಕಡೆ ಮುಖ ಮಾಡಿದ್ದಳು. ಮುಂದೆ ದಂಡೆಯ ಏರು, ಅದರಾಚೆ ಏನೂ ಕಾಣುತ್ತಿರಲಿಲ್ಲ, ಬರೀ ಆಕಾಶ.

ಮುರಿಗೆವ್ವ ಕೂಗಲಿಲ್ಲ. ಕೂಗಿದರೆ ಕೂಸು ಆಟವೆಂದು ತಿಳಿದು ಓಡುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ಹಿಟ್ಟಿನ ಕೈಯಲ್ಲಿಯೇ ನಡೆದು ಹೋಗಿ ಹಿಂದಿನಿಂದ ಎತ್ತಿಕೊಂಡಳು. ಕೂಸಿನ ಎದೆ ನಿಧಾನವಾಗಿ ಬಡಿಯುತ್ತಿತ್ತು. ಆಕೆಯದು ಹಾಗಿರಲಿಲ್ಲ.

ಇಷ್ಟು ದಿನ ತಾನು ಏನು ಕಲಿಸಿದ್ದೆ ಎಂಬುದು ಮುರಿಗೆವ್ವನಿಗೆ ಆ ಹೊತ್ತು ತಿಳಿಯಿತು. ಬರಿಗಾಲಿನ ಕೂಸು ಮುಳ್ಳಿಗೆ, ಬಿಸಿಲಿಗೆ ಹೆದರಿ ಪಡಸಾಲೆಯಲ್ಲಿಯೇ ಇರುತ್ತಿತ್ತು. ಬರಿಮೈಯ ಕೂಸು ಚಳಿಗೆ ಒಳಗೇ ಇರುತ್ತಿತ್ತು. ಯಾರಾದರೂ ತೊಡಿಸುವ ತನಕ ಕಾಯುವುದೇ ಅದಕ್ಕೆ ಬೇಲಿಯಾಗಿತ್ತು. ಆ ಬೇಲಿಯನ್ನು ತಾನೇ ತನ್ನ ಕೈಯಾರೆ ಒಂದೊಂದು ಗುಂಡಿಯಾಗಿ ಬಿಚ್ಚಿದ್ದಳು.

ಸಂಜೆ ಮಗನಿಗೆ ಹೇಳಿದಳು. ಪ್ರತಾಪ ಉಣ್ಣುತ್ತಿದ್ದ.

"ಕಟಾವು ತಲಿ ಮ್ಯಾಲೆ ಬಂದೈತಿ ಯವ್ವಾ. ಬೇಲಿ ಅಂದ್ರ ಕಂಬ, ಜಾಳಿ, ಆಳು. ಮಣೂಕ ಒಂದ ಹೊರಬೀಳ್ಲಿ, ಮರದಿನಾನ ಹಾಕಸ್ತೇನಿ. ಅಲ್ಲೀತನ ನೀ ಅದೀಯಲ್ಲ."

ನೀ ಅದೀಯಲ್ಲ. ಆ ಮಾತು ಮುರಿಗೆವ್ವನ ಹೆಗಲ ಮೇಲೆ ಕೂತಿತು. ಕಟಾವು ಶುರುವಾದರೆ ಆಕೆಯೂ ಶೆಡ್ಡಿನಲ್ಲಿರಬೇಕು. ಮಣೂಕದಿಂದ ಕಡ್ಡಿ ಆರಿಸುವುದರಲ್ಲಿ ಆಕೆಯ ಕಣ್ಣಿನಷ್ಟು ಚುರುಕು ಕಣ್ಣು ಇನ್ನೊಂದಿರಲಿಲ್ಲ. ಸೊಸೆಗೆ ಆಕೆ ಕಾಲುದಾರಿಯ ಮಾತು ಹೇಳಲಿಲ್ಲ. ಹೇಳಿದರೆ ಸೌಭಾಗ್ಯ ನೌಕರಿ ಬಿಡುತ್ತಾಳೆ, ಇಲ್ಲವೇ ಕೂಸನ್ನು ಒಯ್ಯುತ್ತಾಳೆ. ಎರಡೂ ಮುರಿಗೆವ್ವನಿಗೆ ಬೇಡವಾಗಿತ್ತು.

ಆಕೆ ಪೆಟ್ಟಿಗೆಯಿಂದ ಹಳೆಯ ಇಳಕಲ್ ಸೀರೆಯನ್ನು ತೆಗೆದು ಅದರ ದಡಿ ಹರಿದಳು. ಹಸಿರು ಬಣ್ಣದ ಒಂದು ಹೊಸ ಅಂಗಿ ಹೊಲಿದಳು. ಬೆಳೆಯುವ ಕೂಸು ಎಂದು ಸಡಿಲವಾಗಿ ಹೊಲಿದಳು. ಗುಂಡಿಗಳನ್ನು ಮುಂದೆ ಇಡಲಿಲ್ಲ, ಬೆನ್ನಿಗೆ ಇಟ್ಟಳು, ಕೂಸಿನ ಕೈ ಎಟುಕದಂತೆ. ಕೊರಳಪಟ್ಟಿಯ ಕೆಳಗೆ ದಡಿಯ ತುದಿಯನ್ನು ನಾಲ್ಕು ಪದರು ಮಡಚಿ, ಕೌದಿಯ ಹೊಲಿಗೆ ಹಾಕಿ ಕೂಡಿಸಿದಳು. ಎತ್ತು ಎಳೆದರೂ ಬಿಡದ ಹೊಲಿಗೆ ಅದು.

ಸೌಭಾಗ್ಯ ಬಸ್ಸಿಗೆ ಹೋದ ಮೇಲೆ ಆ ಅಂಗಿ. ದಡಿಯ ಇನ್ನೊಂದು ತುದಿ ಪಡಸಾಲೆಯ ಕಂಬಕ್ಕೆ. ಸೌಭಾಗ್ಯ ಬರುವ ಮೊದಲು ಬಿಚ್ಚಿ ಬೇರೆ ಅಂಗಿ.

ಮೊದಲ ದಿನ ಅಕ್ಕವ್ವ ನಕ್ಕಳು. "ಕರಾ," ಎಂದಳು. ದನದ ಮನೆಯಲ್ಲಿ ಕರುವನ್ನು ಹಾಗೆ ಕಟ್ಟಿದ್ದನ್ನು ಅವಳು ನೋಡಿದ್ದಳು.

"ಹೂಂ, ನೀ ನನ್ನ ಕರಾ," ಎಂದಳು ಮುರಿಗೆವ್ವ.

ಎರಡನೆಯ ದಿನ ಕೂಸು ದಡಿ ಮುಗಿಯುವ ತನಕ ಓಡಿ, ಕೊರಳಿಗೆ ಬಿಗಿದು, ಕುಂಡೆಯ ಮೇಲೆ ಬಿತ್ತು. ಅತ್ತಿತು. ಕೆಲದಿನಗಳ ಮೇಲೆ ಅಳುವುದನ್ನು ಬಿಟ್ಟಿತು. ಕಂಬದ ಬುಡದಲ್ಲಿ ಕೂತು ಮಣೂಕದ ಕಡ್ಡಿಗಳನ್ನು ಸಾಲಾಗಿ ಇಡುತ್ತಿತ್ತು. ಶೆಡ್ಡಿನಿಂದ ಮುರಿಗೆವ್ವ ಆಗಾಗ ತಲೆ ಎತ್ತಿ ನೋಡುತ್ತಿದ್ದಳು. ಹಸಿರು ಅಂಗಿ ಅಲ್ಲಿಯೇ ಕಾಣುತ್ತಿತ್ತು. ಆಕೆಯ ಎದೆ ತಣ್ಣಗಾಗುತ್ತಿತ್ತು.

ಒಂದು ಆದಿತ್ಯವಾರ ಸೌಭಾಗ್ಯ ಮಗಳನ್ನು ಕನ್ನಡಿಯ ಮುಂದೆ ನಿಲ್ಲಿಸಿ ಅಂಗಿ ಹರವಿದಳು. ಅಕ್ಕವ್ವ ಬಾಗಲಿಲ್ಲ. ಎರಡೂ ಕೈ ಅಗಲಿಸಿ ನಿಂತಳು, ತೊಡಿಸಲಿ ಎಂದು. ತಾಯಿ ಕಾದಳು. ಕೂಸು ಹಾಗೆಯೇ ನಿಂತಿತ್ತು, ಹೊಲದ ಬೆದರುಗೊಂಬೆಯಂತೆ. ಕೈ ನೋಯುತ್ತಿದ್ದರೂ ಇಳಿಸಲಿಲ್ಲ.

"ಹಿಂಗ್ಯಾಕ ಮಾಡಾಕತ್ತಾಳ್ರಿ ಅತ್ತಿ? ಎಲ್ಲಾ ಬರತಿತ್ತಲ್ಲ."

"ಸಣ್ಣ ಕೂಸು, ಮರತೈತಿ."

"ಮರಿಯೂದಿಲ್ರಿ. ಕೈಯಾಗ ಕೂತಿದ್ದು ಮರಿಯೂದಿಲ್ಲ." ಸೌಭಾಗ್ಯ ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು. "ಯಾರರ ಬೈದಾರೇನು ಇಕಿಗೆ?"

"ಯಾರ ಬೈತಾರ? ಮನ್ಯಾಗ ನಾ ಒಬ್ಬಾಕಿ."

ಅವತ್ತಿನಿಂದ ಸೌಭಾಗ್ಯ ಬಸ್ಸಿಗೆ ಹೊರಡುವಾಗ ಹೊಸ್ತಿಲಲ್ಲಿ ಒಮ್ಮೆ ನಿಂತು ಹಿಂದಕ್ಕೆ ನೋಡತೊಡಗಿದಳು. ಕೂಸಿನ ಕೊರಳ ಹಿಂದೆ ಒಂದು ಕೆಂಪು ಗೆರೆ ಇತ್ತು. ಮುರಿಗೆವ್ವ ಅದಕ್ಕೆ ಕೊಬ್ಬರಿಎಣ್ಣೆ ಹಚ್ಚಿ, ಬೆವರುಸಾಲೆ ಎಂದಳು.

ಯುಗಾದಿ ಮುಗಿದ ಮೇಲೆ ಬಿಸಿಲು ಕೆಟ್ಟದಾಯಿತು. ಗಾಳಿಯೇ ಇಲ್ಲ. ಶೆಡ್ಡಿನ ಜಾಳಿಗಳ ಮೇಲೆ ದ್ರಾಕ್ಷಿ ಅರ್ಧ ಒಣಗಿ, ಜೇನಿನ ಬಣ್ಣಕ್ಕೆ ಬಂದಿತ್ತು. ಈಗ ಮಳೆ ತಾಗಿದರೆ ಎಲ್ಲ ಕಪ್ಪಾಗುತ್ತದೆ. ಜನ ಮಾತಿನ ನಡುನಡುವೆ ಪಡುವಲಕ್ಕೆ ಕತ್ತೆತ್ತಿ ನೋಡುತ್ತಿದ್ದರು.

ಆ ದಿನ ಪ್ರತಾಪ ವಿಜಯಪುರಕ್ಕೆ ಹೋಗಿದ್ದ. ಕೆಲಸದ ಹೆಣ್ಣುಮಕ್ಕಳು ಊಟಕ್ಕೆಂದು ಊರಿಗೆ ನಡೆದಿದ್ದರು. ಟೆಂಪೋ ಹೊಡೆಯುವ ನಿಜಾಮುದ್ದೀನ ಒಬ್ಬನೇ ಬಾಕ್ಸು ಏರಿಸಲು ಬಂದು, ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದ. ಕಂಬದ ಕೂಸನ್ನು ನೋಡಿ, "ಏನ್ರಿ ಅವ್ವಾರ, ಕಳ್ಳನ್ನ ಹಿಡಿದೀರೇನು?" ಎಂದ.

"ಹೊಂಡ ಐತಲ್ಲಪಾ."

ನಿಜಾಮುದ್ದೀನ ಹೊಂಡದ ದಿಕ್ಕಿಗೆ ನೋಡಿ, ಕೂಸನ್ನು ನೋಡಿ, ಚೊಂಬು ಕೆಳಗಿಟ್ಟ.

ಬೆಳಕು ಹಳದಿಯಾಯಿತು. ಬಳ್ಳಿಯ ಎಲೆಗಳು ಒಮ್ಮೆಲೇ ಬೆನ್ನು ತೋರಿಸಿದವು. ಮೊದಲು ಧೂಳು ಬಂತು, ಅದರ ಹಿಂದೆ ಗಾಳಿ. ಶೆಡ್ಡಿನ ಪಕ್ಕದ ತಾಡಪತ್ರಿ ಹಗ್ಗ ಕಿತ್ತುಕೊಂಡು ಪಟಪಟನೆ ಬಡಿಯತೊಡಗಿತು.

"ತಾಡಪತ್ರಿ ಹಿಡಿಯೋ ನಿಜಾಮ," ಎನ್ನುತ್ತ ಮುರಿಗೆವ್ವ ಓಡಿದಳು. ಓಡುತ್ತ ಒಮ್ಮೆ ಹಿಂದೆ ನೋಡಿದಳು. ಕೂಸು ಕಂಬದ ಬಳಿ ನಿಂತಿತ್ತು, ದಡಿ ಗಟ್ಟಿಯಿತ್ತು. ಹೊಂಡಕ್ಕೆ ಹೋಗಲಾರದು. ಮೇಲೆ ಸೂರು ಇದೆ. ಅಷ್ಟೇ ಆಕೆಯ ತಲೆಗೆ ಹೊಳೆದದ್ದು. ಸೂರಿನ ತಗಡು ಹಾರದಂತೆ ಮೇಲೆ ಕಲ್ಲು ಹೇರಿದ್ದು ಹೊಳೆಯಲಿಲ್ಲ. ಈ ಸೀಮೆಯಲ್ಲಿ ಯಾರ ತಗಡಿನ ಮೇಲೆ ಕಲ್ಲಿಲ್ಲ?

ಮಳೆ ಆಣೆಕಲ್ಲಿನೊಂದಿಗೆ ಬಂತು. ತಾಡಪತ್ರಿಯ ಒಂದು ತುದಿಯನ್ನು ನಿಜಾಮುದ್ದೀನ, ಇನ್ನೊಂದನ್ನು ಮುರಿಗೆವ್ವ ಹಿಡಿದು ಜೋತುಬಿದ್ದರು. ಆತ ಹಗ್ಗ ಬಿಗಿಯುತ್ತಿದ್ದಾಗ ಮನೆಯ ಕಡೆಯಿಂದ ದೊಡ್ಡ ಸದ್ದಾಯಿತು. ತಗಡು ಕಿರುಗುಟ್ಟಿ, ಮಗುಚಿ, ಏನೋ ಭಾರವಾದದ್ದು ಧೊಪ್ಪೆಂದು ಬಿದ್ದಂತೆ. ಆಮೇಲೆ ಇನ್ನೊಂದು.

ಮುರಿಗೆವ್ವ ತಾಡಪತ್ರಿ ಬಿಟ್ಟಳು.

ಪಡಸಾಲೆಯ ಮೇಲೆ ಸೂರಿರಲಿಲ್ಲ. ಒಂದು ತಗಡು ಅಂಗಳದಲ್ಲಿತ್ತು, ಇನ್ನೊಂದು ಕಂಬಕ್ಕೆ ಒರಗಿ ನೇತಾಡುತ್ತಿತ್ತು. ಕಂಬದ ಬುಡದಲ್ಲಿ, ಕೂಸು ಕಡ್ಡಿ ಜೋಡಿಸುತ್ತಿದ್ದ ಜಾಗದಲ್ಲಿ, ಮೇಲಿನ ಕಲ್ಲೊಂದು ನೆಲದ ಫರಸಿಯನ್ನು ಒಡೆದು ಕೂತಿತ್ತು. ಮಳೆ ಅದರ ಮೇಲೆ ಸುರಿಯುತ್ತಿತ್ತು. ಕಂಬದಿಂದ ದಡಿ ಇಳಿಬಿದ್ದಿತ್ತು. ದಡಿಯ ತುದಿಗೆ ಹಸಿರು ಅಂಗಿ ಇತ್ತು. ಅಂಗಿಯೊಳಗೆ ಯಾರೂ ಇರಲಿಲ್ಲ.

ಆಕೆ ಅಂಗಿಯನ್ನು ಎತ್ತಿ ನೋಡಿದಳು. ನೋಡುವ ಹೊತ್ತಲ್ಲ ಅದು, ಆದರೆ ಆಕೆಯ ಕೈ ಬಟ್ಟೆಯನ್ನು ಓದದೆ ಬಿಡುವ ಕೈಯಲ್ಲ. ಬೆನ್ನಿನ ಗುಂಡಿಗಳು ಹಾಕಿದಂತೆಯೇ ಇದ್ದವು. ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಅಂಗಿಯ ಒಳಮೈ ಹೊರಗಾಗಿತ್ತು. ಕೂಸು ಬಾಗಿ, ಎರಡೂ ಕೈ ಮುಂದೆ ಚಾಚಿ ನಡೆದಿತ್ತು. ದಡಿ ಹಿಂದಿನಿಂದ ಎಳೆದಿತ್ತು. ಸಡಿಲ ಅಂಗಿ ತಲೆಯ ಮೇಲಿಂದ ಕಳಚಿ ಹಿಂದೆ ಉಳಿದಿತ್ತು. ಕೂಸು ಮುಂದೆ ಹೋಗಿತ್ತು.

ಎಲ್ಲಿಗೆ? ಮುರಿಗೆವ್ವನಿಗೆ ಒಂದೇ ದಾರಿ ಕಂಡಿತು. ಇಷ್ಟು ತಿಂಗಳು ಆಕೆಯ ಕಣ್ಣು ನೋಡಿದ್ದು ಆ ಒಂದೇ ದಾರಿ.

"ಅಕ್ಕವ್ವಾ," ಎಂದು ಒದರುತ್ತ ಕಾಲುದಾರಿ ಹಿಡಿದಳು. ಗಾಳಿ ಆಕೆಯ ಮಾತನ್ನು ಬಾಯಿಯಿಂದಲೇ ಕಿತ್ತುಕೊಂಡಿತು. ಕೆಸರಿನಲ್ಲಿ ಹೆಜ್ಜೆ ಗುರುತು ಹುಡುಕಿದಳು. ಆಣೆಕಲ್ಲು ಎಲ್ಲವನ್ನೂ ಅಳಿಸಿತ್ತು. ದಂಡೆ ಏರಿದಳು. ಹೊಂಡದ ನೀರು ಕುದಿಯುವ ಎಸರಿನಂತೆ ಎದ್ದು ಬೀಳುತ್ತಿತ್ತು. ನಡುವೆ ಏನೋ ತೇಲುತ್ತಿತ್ತು. ಸಣ್ಣದು, ಕಂದು ಬಣ್ಣದ್ದು, ದುಂಡಗಿನದು. ಒಮ್ಮೆ ಮುಳುಗಿ ಮತ್ತೆ ಎದ್ದಿತು.

ಮುರಿಗೆವ್ವ ಸೀರೆಯ ನೆರಿಗೆ ಎತ್ತಿ ಕಚ್ಚೆ ಹಾಕಿಕೊಂಡು ಒಂದು ಕಾಲನ್ನು ಪ್ಲಾಸ್ಟಿಕ್ಕಿನ ಮೇಲೆ ಇಟ್ಟಳು. ಅಷ್ಟೇ ಸಾಕಾಯಿತು. ನೆಲ ಎನ್ನುವುದು ಕಾಲ ಕೆಳಗಿಂದ ಹೋಯಿತು. ಸೊಂಟದವರೆಗೆ ನೀರಿಗೆ ಬಂದಾಗ ಕೈಗೆ ಟ್ಯೂಬಿನ ಹಗ್ಗ ಸಿಕ್ಕಿತು. ಜೋತುಬಿದ್ದಳು. ಮೇಲೆ ಹತ್ತಲು ಮೊಣಕಾಲು ಊರಿದಳು, ಜಾರಿತು. ಮತ್ತೆ ಊರಿದಳು. ತೇಲುತ್ತಿದ್ದದ್ದು ಗಾಳಿಗೆ ಹತ್ತಿರ ಬಂತು. ಅದು ಶೆಡ್ಡಿನಿಂದ ಹಾರಿಬಂದ ಪ್ಲಾಸ್ಟಿಕ್ ಬುಟ್ಟಿ. ಆದರೆ ಬುಟ್ಟಿ ಎಂದು ತಿಳಿದ ಮೇಲೂ ಆಕೆ ಅದರಿಂದ ಕಣ್ಣು ತೆಗೆಯಲಿಲ್ಲ. ನೀರಿನ ಮೇಲೆ ಇದ್ದದ್ದು ಬುಟ್ಟಿ. ನೀರಿನ ಕೆಳಗೆ ಇರುವುದು ಏನು?

ಮೇಲಿಂದ ಹಗ್ಗ ಎಳೆಯಿತು. ನಿಜಾಮುದ್ದೀನ ಗೂಟಕ್ಕೆ ಕಾಲು ಕೊಟ್ಟು ಎಳೆಯುತ್ತಿದ್ದ.

"ಬಿಡಬ್ಯಾಡ್ರಿ ಹಗ್ಗ. ಗಟ್ಟಿ ಹಿಡೀರಿ."

"ಕೂಸು... ನಿಜಾಮ, ಕೂಸು ಇದರಾಗ..."

"ಕೂಸು ಮನ್ಯಾಗ ಐತ್ರಿ ಅವ್ವಾರ. ನಾ ನೋಡೇ ಬಂದೇನಿ. ಮ್ಯಾಲೆ ಬರ್ರಿ ಮದ್ಲ."

ಆತ ಹೇಳಿದ್ದನ್ನು ಆಕೆ ನಂಬಲಿಲ್ಲ. ಸತ್ತವರ ಮನೆಯವರಿಗೆ ಮೊದಲು ಹಾಗೆಯೇ ಹೇಳುತ್ತಾರೆ. ಕೆಸರಿನಲ್ಲಿ ಬಿದ್ದು ಎದ್ದು ಮನೆಗೆ ಬಂದಳು.

ಒಳಕೋಣೆಯಲ್ಲಿ ಅಕ್ಕವ್ವ ಚಾಪೆಯ ಮೇಲೆ ಕೂತಿದ್ದಳು. ನೆಲದ ತುಂಬ ಸಣ್ಣ ಒದ್ದೆ ಹೆಜ್ಜೆ. ಎರಚಲಿಗೆ ತೊಯ್ದ ಚಡ್ಡಿ ಬಿಚ್ಚಿ ಒಣ ಚಡ್ಡಿ ಹಾಕಿಕೊಂಡಾಗಿತ್ತು. ಒಂದು ಒಣ ಅಂಗಿಯನ್ನು ತಲೆಗೆ ಏರಿಸಿ, ತಲೆ ತೋಳಿನೊಳಗೆ ಸಿಕ್ಕಿ, ಒಂದು ಕೈ ಕೊರಳಿನಿಂದ ಹೊರಬಂದು, ಬಟ್ಟೆಯೊಳಗೆ ತಿಣುಕುತ್ತಿದ್ದಳು. ಇಷ್ಟು ಕೂಗಿಗೂ ಓಗೊಡದೆ ಇದ್ದದ್ದು ಅದಕ್ಕೇ. ಕೆಲಸ ಮುಗಿದಿರಲಿಲ್ಲ.

ಮುರಿಗೆವ್ವ ಮಂಡಿಯೂರಿ ಕೂತಳು. ಕೈ ತಾನಾಗಿ ಮುಂದೆ ಹೋಯಿತು. ತಲೆ ಸಿಕ್ಕಿದ್ದ ತೋಳನ್ನು ಅಷ್ಟೇ ಬಿಡಿಸಿದಳು. ಉಳಿದದ್ದನ್ನು ಕೂಸು ತಾನೇ ಮಾಡಿಕೊಂಡಿತು. ಮುಖ ಹೊರಬಂದಾಗ ಅಕ್ಕವ್ವ ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಆಯಿ, ನಿನ್ನ ಸೀರಿ ತೊಯ್ದೈತಿ," ಎಂದಳು. "ನೀನ ಬದಲಿ ಮಾಡ್ಕೋ."

ಸೌಭಾಗ್ಯ ಬಸ್ಸಿಳಿದು ಬಂದಾಗ ಮಳೆ ನಿಂತಿತ್ತು. ನಿಜಾಮುದ್ದೀನ ತಗಡುಗಳನ್ನು ಗೋಡೆಗೆ ಒರಗಿಸುತ್ತಿದ್ದ. ಸೌಭಾಗ್ಯ ಮೊದಲು ಕಲ್ಲನ್ನು ನೋಡಿದಳು. ಆಮೇಲೆ ದಡಿ, ಆಮೇಲೆ ಅಂಗಿ. ಬೆನ್ನಿನ ಗುಂಡಿಗಳ ಮೇಲೆ ಬೆರಳಾಡಿಸಿದಳು. ಯಾರೂ ಹೇಳಬೇಕಾಗಲಿಲ್ಲ, ಆದರೂ ಮುರಿಗೆವ್ವ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದಳು. ಕಾಲುದಾರಿ, ಸೀರೆ ಹರಿದದ್ದು, ಕೊರಳಿನ ಕೆಂಪು ಗೆರೆ. ಒಂದನ್ನೂ ಬಿಡಲಿಲ್ಲ, ಒಂದಕ್ಕೂ ನೆವ ಹೇಳಲಿಲ್ಲ.

"ಬೆವರಸಾಲಿ ಅಂದ್ರಿ," ಎಂದಳು ಸೌಭಾಗ್ಯ.

"ಅಂದೆ."

"ನಾ ದಿನಾ ಹೋಗಿ ಮಂದಿ ಮಕ್ಕಳಿಗೆ ಗುಂಡಿ ಹಾಕ್ಕೊಳ್ಳೂದು ಕಲಸ್ತಿದ್ದೆ."

ಅಷ್ಟರಲ್ಲಿ ಪ್ರತಾಪ ಬಂದ. ಶೆಡ್ಡು ನೋಡಿ, ಕಲ್ಲು ನೋಡಿ, ಹೆಂಡತಿಯ ಮುಖ ನೋಡಿ, "ಆಗಿದ್ದಾತು, ದೇವ್ರು ದೊಡ್ಡಾಂವ. ಯವ್ವಾ ಇನ್ನ ಮ್ಯಾಲೆ ಕಟ್ಟೂದಿಲ್ಲ ಬಿಡು," ಎಂದ.

"ಕಟ್ಟತೇನಿ," ಎಂದಳು ಮುರಿಗೆವ್ವ.

ಇಬ್ಬರೂ ತಿರುಗಿ ನೋಡಿದರು.

"ಸುಳ್ಳ್ಯಾಕ ಹೇಳ್ಲಿ. ನಾಳಿಗೆ ಹೊತ್ತು ಏರಿ, ನೀವೆಲ್ಲಾ ಹೋಗಿ, ಆ ಹೊಂಡ ಒಂದು, ನಾ ಒಬ್ಬಾಕಿ ಕುಂತ್ರ, ನನ್ನ ಕೈ ಮತ್ತ ಕಟ್ಟತೈತಿ. ಬೇರೆ ಬಟ್ಟಿ ತಗೊಂಡರ ಕಟ್ಟತೈತಿ. ಸೌಭಾಗ್ಯಾ, ಬೇಲಿ ಆಗೂತನ ಕೂಸಿನ್ನ ನನ್ನ ಹತ್ರ ಬಿಡಬ್ಯಾಡ. ಸಾರವಾಡಕ್ಕ ನಿಮ್ಮವ್ವನ ಮನಿಗೆ ಒಯ್ಯಿ. ಪ್ರತಾಪ, ನೀ ಹಂಗಾಮ ಹಿಡಕೊಂಡು ಕೂಡ್ರು."

ಸೌಭಾಗ್ಯ ಅತ್ತೆಯನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಒಳಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬಿದಳು. ಮರುದಿನ ಬಬಲೇಶ್ವರದ ಕಡೆಯ ಬಸ್ಸು ಹಿಡಿದು ತಾಯಿ ಮಗಳು ಸಾರವಾಡಕ್ಕೆ ಹೋದರು. ಸೌಭಾಗ್ಯ ಅಲ್ಲಿಂದಲೇ ವಿಜಯಪುರಕ್ಕೆ ಓಡಾಡಿದಳು.

ಮನೆ ಸುಮ್ಮನಾಯಿತು. ರೊಟ್ಟಿ ಬಡಿಯುವಾಗ ಮುರಿಗೆವ್ವ ಕಿವಿಗೊಡುತ್ತಿದ್ದಳು, ಆಮೇಲೆ ಕೂಸಿಲ್ಲ ಎಂಬುದು ನೆನಪಾಗುತ್ತಿತ್ತು. ಹೊಂಡದ ಕಡೆಯಿಂದ ಗುದ್ದಲಿಯ ಸದ್ದು ಕೇಳತೊಡಗಿದ್ದು ಆ ವಾರವೇ. ಹಂಗಾಮು ಇನ್ನೂ ಮುಗಿದಿರಲಿಲ್ಲ. ಪ್ರತಾಪ ಸುತ್ತಲೂ ಆಳೆತ್ತರದ ಜಾಳಿ ಹಾಕಿಸಿದ, ಕಾಲುದಾರಿ ಮುಟ್ಟುವಲ್ಲಿ ಒಂದು ಗೇಟು ಇಟ್ಟ, ಗೇಟಿಗೆ ಒಂದು ಕೊಂಡಿ. ಕೊಂಡಿಯನ್ನು ತನ್ನ ಎದೆಮಟ್ಟಕ್ಕೆ ಹೊಡೆಯಿರಿ ಎಂದು ಮುರಿಗೆವ್ವ ಹೇಳಿದ್ದಳು. ಆಳುಗಳು ತಮಗೆ ಅನುಕೂಲವಾದ ಕಡೆ, ಕೆಳಗಿನ ಅಡ್ಡಪಟ್ಟಿಗೆ ಹೊಡೆದರು.

ಸೌಭಾಗ್ಯ ಮಗಳನ್ನು ಕರೆದುಕೊಂಡು ಬಂದದ್ದು ಒಂದು ಬೆಳಿಗ್ಗೆ. ಬೇಲಿಯನ್ನು ಒಂದು ಸುತ್ತು ನಡೆದು, ಜಾಳಿಯನ್ನು ಕಾಲಿನಿಂದ ಒತ್ತಿ ನೋಡಿ, "ಕೀಲಿ ಎಲ್ಲೈತಿ?" ಎಂದು ಗಂಡನನ್ನು ಕೇಳಿದಳು. ಪ್ರತಾಪ ತಲೆ ಕೆರೆದುಕೊಂಡು, "ಈಗ ತಂದೆ," ಎಂದು ಗಾಡಿ ಹತ್ತಿ ತಿಕೋಟಾಕ್ಕೆ ಹೋದ. ಸೌಭಾಗ್ಯ ಒಳಗೆ ಚೀಲ ಬಿಚ್ಚತೊಡಗಿದಳು.

ಮುರಿಗೆವ್ವ ಪಡಸಾಲೆಯಿಂದ ನೋಡಿದಳು. ಅಕ್ಕವ್ವ ಗೇಟಿನ ಮುಂದೆ ಕೂತಿದ್ದಳು. ಬೇಲಿಯನ್ನಾಗಲೀ ನೀರನ್ನಾಗಲೀ ಅವಳು ನೋಡುತ್ತಿರಲಿಲ್ಲ. ಕೊಂಡಿಯನ್ನು ನೋಡುತ್ತಿದ್ದಳು. ನಾಲಿಗೆ ತುಟಿಯ ಮೂಲೆಗೆ ಬಂದಿತ್ತು. ಒಂದು ಬೆರಳು ಕೊಂಡಿಯ ಕೆಳಗೆ ಹೋಗಿ ಅದನ್ನು ಮೆಲ್ಲಗೆ ಮೇಲಕ್ಕೆ ಎತ್ತುತ್ತಿತ್ತು.

ಮುರಿಗೆವ್ವನ ಕೈ ಸೀರೆಯ ಸೆರಗನ್ನು ಬಿಗಿಯಾಗಿ ಹಿಡಿಯಿತು. ಆಮೇಲೆ ಕಾಲುದಾರಿಯಲ್ಲಿ ನಡೆದು ಹೋಗಿ ಕೂಸಿನ ಪಕ್ಕ ಕೂತಳು. ಅದರ ಒಂದು ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

ಕೊಂಡಿ ಎದ್ದಿತು. ಗೇಟು ಸರಿಯಿತು. ಕರಿ ಪ್ಲಾಸ್ಟಿಕ್ಕು ಬಿಸಿಲಿಗೆ ಹೊಳೆಯಿತು, ಅದರ ಕೆಳಗೆ ನೀರು.

"ಹೋಗೂಣು?" ಎಂದಳು ಅಕ್ಕವ್ವ.

"ಇಲ್ಲ. ಇದನ್ನ ಮುಚ್ಚೂದು ಹೆಂಗಂತ ತೋರಸ್ತೇನಿ ನೋಡು."

ಮತ್ತೆ ಮಾತಾಡಲಿಲ್ಲ. ಗೇಟನ್ನು ಎಳೆದು, ಕೊಂಡಿಯನ್ನು ಎತ್ತಿ, ಅದರ ಮನೆಗೆ ನಿಧಾನವಾಗಿ ಇಳಿಸಿ, ಒತ್ತಿ ನೋಡಿದಳು. ಅಕ್ಕವ್ವ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ತಾನು ಮುಚ್ಚಿದಳು. ಮುಚ್ಚಿ, ಬಿಚ್ಚಿದಳು. ಬಿಚ್ಚಿ, ಮುಚ್ಚಿದಳು. ಪ್ರತಿ ಸಲ ಬಿಚ್ಚುವುದು ಮೊದಲಿಗಿಂತ ಬೇಗ ಆಗುತ್ತಿತ್ತು.

ಬಿಸಿಲು ಏರಿತು. ಮುರಿಗೆವ್ವನ ಮೊಣಕಾಲು ಸೆಟೆದುಕೊಂಡಿತು. ಮಣ್ಣುದಾರಿಯ ಕಡೆಯಿಂದ ಗಾಡಿಯ ಸದ್ದು ಇನ್ನೂ ಬಂದಿರಲಿಲ್ಲ. ಆಕೆ ಕೂಸಿನ ಕೈಯನ್ನು ಬಿಡದೆ, ಬಿಗಿಯಲೂ ಬಿಗಿಯದೆ, ಅಲ್ಲಿಯೇ ಕೂತಿದ್ದಳು.